ಸೆಗಣಿ ಉಂಡೆಯ ಸಂಸಾರಿ

ಸೆಗಣಿ ಹುಳುವಿನ ಮೇಲೆ ಲೇಖನವೆಂದು ವಾಚಕರು ಮೂಗು ಮುಚ್ಚಿಕೊಳ್ಳಬಾರದು. ಈಚೆಗೆ ಒಂದು ಭಾನುವಾರ ಮಕ್ಕಳೊಡನೆ ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿಗೆ ಹೋಗಿದ್ದೆವು. ಅದು ನಿಜಾಮರ ಬೇಟೆಯ ಕಾಡಾಗಿದ್ದ ಜಾಗ. ಮಹಾವೀರರ 2500ನೆಯ ನಿರ್ವಾಣೋತ್ಸವದ ನೆನಪಿಗೆ 1975ರಲ್ಲಿ ಈ ಹೆಸರು ಪಡೆಯಿತು. ಮಕ್ಕಳು ಕೃಷ್ಣಮೃಗಗಳನ್ನು ಅರಸುತ್ತಿದ್ದರೆ, ಕಾಲುದಾರಿಯಲ್ಲಿ ಉಂಡೆ ನೂಕುತ್ತಿದ್ದ ಕರಿಯ ಹುಳುವೊಂದು ನಮ್ಮ ಕಣ್ಣಿಗೆ ಬಿತ್ತು. ತಲೆ ಕೆಳಗೆ, ಹಿಂಗಾಲು ಉಂಡೆಯ ಮೇಲೆ, ನಡಿಗೆ ಹಿಮ್ಮುಖ! ಮೆಟ್ಟಲು ಕಾಲೆತ್ತಿದ ಕಿರಿಯ ಮಗನನ್ನು ರಟ್ಟೆ ಹಿಡಿದು ನಿಲ್ಲಿಸಿದೆವು.

ಎಲ್ಲ ಸೆಗಣಿ ಹುಳುಗಳೂ ಉಂಡೆ ಉರುಳಿಸುವುದಿಲ್ಲ. ಕೆಲವು ರಾಶಿಯ ಅಡಿಯಲ್ಲೇ ಬಿಲ ತೋಡಿ ಸೆಗಣಿಯನ್ನು ಒಳಗೆ ಸೆಳೆದುಕೊಳ್ಳುತ್ತವೆ. ಕೆಲವು ರಾಶಿಯೊಳಗೇ ಸಂಸಾರ ಹೂಡುತ್ತವೆ. ಹೂತಿಟ್ಟ ಸೆಗಣಿಯೇ ಮರಿಗಳ ಬುತ್ತಿ. ಈ ಗಡಿಬಿಡಿಯಲ್ಲಿ ಮಣ್ಣು ಸಡಿಲವಾಗುತ್ತದೆ, ಬೇರಿಗೆ ಗೊಬ್ಬರ ಸಿಗುತ್ತದೆ, ನೊಣಕ್ಕೆ ಮೊಟ್ಟೆಯಿಡುವ ಜಾಗ ತಪ್ಪುತ್ತದೆ. ಈ ಉಪಕಾರದ ಬೆಲೆ ಆಸ್ಟ್ರೇಲಿಯದವರಿಗೆ ಚೆನ್ನಾಗಿ ಗೊತ್ತು. 1788ರಲ್ಲಿ ಅಲ್ಲಿಗೆ ದನಗಳು ಬಂದವು. ಕಾಂಗರೂವಿನ ಒಣ ಹಿಕ್ಕೆಗೆ ಒಗ್ಗಿದ್ದ ಅಲ್ಲಿಯ ಹುಳುಗಳಿಗೆ ದನದ ಹಸಿ ಸೆಗಣಿ ಒಗ್ಗಲಿಲ್ಲ. ಹುಲ್ಲುಗಾವಲು ಹಾಳಾಯಿತು, ನೊಣ ಹೆಚ್ಚಿತು. ಕೊನೆಗೆ 1960ರ ದಶಕದಲ್ಲಿ ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಪರದೇಶದ ಹುಳುಗಳನ್ನು ತರಿಸಿ ಬಿಡಬೇಕಾಯಿತು.

ಮನುಷ್ಯನ ಕೈ ಬಿದ್ದಲ್ಲೆಲ್ಲ ಈ ಹುಳುಗಳ ಲೆಕ್ಕ ಏರುಪೇರಾಗುತ್ತದೆ. ಕಾಡು ಕಡಿದರೆ ನೆರಳು ಬೇಕಾದ ದೊಡ್ಡ ಹುಳುಗಳು ಮೊದಲು ಮರೆಯಾಗುತ್ತವೆ. ಬಿಸಿಲು ತಾಳುವ ಸಣ್ಣವು ಉಳಿಯುತ್ತವೆ. ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಎಮ್ಮೆ ಹಾಕಿದ ಸೆಗಣಿ ಸಿಮೆಂಟಿನ ಮೇಲೆಯೇ ಒಣಗುತ್ತದೆ. ಸಿಮೆಂಟಿನಲ್ಲಿ ಬಿಲ ತೋಡುವ ಹುಳು ಇನ್ನೂ ಹುಟ್ಟಿಲ್ಲ.

ಬೀದರ ಸೀಮೆಯ ನಮ್ಮೂರಲ್ಲಾದರೂ ಮಣ್ಣಿದೆಯಲ್ಲ ಎಂದುಕೊಂಡಿದ್ದೆವು. ಚಿಕ್ಕಂದಿನಲ್ಲಿ ಅಲ್ಲಿ ಮಳೆಗಾಲದ ಸೆಗಣಿ ಎರಡು ದಿನದಲ್ಲಿ ಪುಡಿಯಾಗುತ್ತಿತ್ತು. ಕಳೆದ ಮಳೆಗಾಲ ನೋಡಿದರೆ ಬದುವಿನ ಮೇಲೆ ರೊಟ್ಟಿ ತಟ್ಟಿಟ್ಟಂತೆ ಹಾಗೆಯೇ ಬಿದ್ದಿತ್ತು. ದನದ ಹೊಟ್ಟೆಹುಳುವಿಗೆ ಕೊಡುವ ಐವರ್ಮೆಕ್ಟಿನ್ ಔಷಧ ಸೆಗಣಿಯಲ್ಲಿ ಹೊರಬಂದು ಈ ಹುಳುಗಳ ಮರಿಗಳನ್ನು ಕೊಲ್ಲುತ್ತದೆಂಬುದು ಪರೀಕ್ಷಿತ ವಿಷಯ. ನಮ್ಮೂರಲ್ಲಿಯೂ ಅದೇ ಕಾರಣವೆಂದು ನಮ್ಮ ಗುಮಾನಿ. ಊರಲ್ಲಿ ಒಕ್ಕಲುತನ ನೋಡಿಕೊಳ್ಳುವ ಅಣ್ಣನಿಗೆ ಉದ್ದದ ಕಾಗದ ಬರೆದೆವು: ಎಲ್ಲ ದನಕ್ಕೂ ಒಟ್ಟಿಗೆ ಹಾಕಿಸಬೇಡ, ಡಾಕ್ಟರನ್ನು ಕೇಳಿ ಅಗತ್ಯವಿದ್ದವಕ್ಕೆ ಮಾತ್ರ ಹಾಕಿಸು ಎಂದು.

ಉತ್ತರ ಬಂತು: "ಯಾಕೋ ತಮ್ಮಾ, ಆಫೀಸಿನಾಗ ಕೆಲಸ ಇಲ್ಲೇನು?" ಕೆಳಗೆ ಸಣ್ಣ ಅಕ್ಷರದಲ್ಲಿ, "ಡಾಕ್ಟರಿಗೆ ಕೇಳೀನಿ. ಈ ಸಲ ಎರಡು ದನಕ್ಕಷ್ಟೇ ಹಾಕ್ಸೀನಿ."