ತಾಯಿ ಎಲ್ಲಿಗೆ ಹೋದಳು?

ಎಂಟು-ಒಂಬತ್ತು ತಿಂಗಳ ಮಗುವಿನ ಬಳಿಯಿಂದ ತಾಯಿ ಎದ್ದು ಅಡಿಗೆಮನೆಯತ್ತ ನಡೆದರೆ ಮಗು ಅಳತೊಡಗುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಅಗಲಿಕೆಯ ಕಳವಳವೆನ್ನುವರು. ಇದು ರೋಗವಲ್ಲ, ತಾಯಿಯನ್ನು ಇತರರಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ ಬಂದುದರ ಕುರುಹು. ಸಾಮಾನ್ಯವಾಗಿ ಮೂರು ವರ್ಷಗಳ ಹೊತ್ತಿಗೆ ಬಹುಮಟ್ಟಿಗೆ ತಗ್ಗುತ್ತದೆ. ಕಣ್ಣು ಕಾಣದ ಮಗುವಿಗಾದರೋ ಈ ಹಾದಿ ಹೆಚ್ಚು ಕಡಿದಾದುದು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದು ಬೆಳಕು ಮತ್ತು ಶಬ್ದಗಳ ಪ್ರಶ್ನೆಯಾಗಿಯೂ ತೋರುತ್ತದೆ.

ನೋಡಬಲ್ಲ ಮಗುವಿಗೆ, ತಾಯಿ ಮೌನವಾಗಿ ಕುಳಿತಿದ್ದರೂ, ಬೆಳಕು ಆಕೆಯ ಸುದ್ದಿಯನ್ನು ಕ್ಷಣಕ್ಷಣವೂ ತರುತ್ತಿರುತ್ತದೆ. ಆಕೆ ಯಾವ ಬಾಗಿಲನ್ನು ದಾಟಿದಳೆಂಬುದೂ ಅದಕ್ಕೆ ಗೊತ್ತು. ಅಂಧ ಶಿಶುವಿಗೆ ತಾಯಿಯೆಂದರೆ ಸ್ಪರ್ಶ, ಗಂಧ, ಧ್ವನಿ. ಮಾತು ನಿಂತಿತೆಂದರೆ ಎರಡು ಮೊಳ ದೂರದಲ್ಲಿರುವ ತಾಯಿಯೂ ಇಲ್ಲವಾದಂತೆಯೇ! ಅಮೆರಿಕದ ಸೆಲ್ಮಾ ಫ್ರೈಬರ್ಗ್ ಎಂಬ ವಿದುಷಿ ಇಂತಹ ಶಿಶುಗಳ ಬೆಳವಣಿಗೆಯನ್ನು ದೀರ್ಘಕಾಲ ಗಮನಿಸಿ 1977ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಾಣಬಲ್ಲ ಮಗು ಐದನೆಯ ತಿಂಗಳ ಸುಮಾರಿಗೆ ಆಟಿಕೆಯನ್ನು ಕಂಡು ಕೈಚಾಚುತ್ತದೆ. ಅಂಧ ಶಿಶು ಬರಿಯ ಸದ್ದನ್ನು ನಂಬಿ ಕೈಚಾಚುವುದು ಮೊದಲ ವರ್ಷದ ಕೊನೆಯ ತಿಂಗಳುಗಳಲ್ಲಿ. ಸದ್ದಿನ ಹಿಂದೆ ಒಂದು ವಸ್ತುವಿದೆಯೆಂಬುದನ್ನು ಅದು ಕಲಿತೇ ತಿಳಿಯಬೇಕು.

ಇಲ್ಲಿ ಪ್ರಕೃತಿ ಒಂದು ಉಪಕಾರವನ್ನು ಮಾಡಿದೆ. 300 ಹರ್ಟ್ಸ್ ಕಂಪನದ ಧ್ವನಿಯ ತರಂಗದೂರ ಸುಮಾರು 1.1 ಮೀಟರು, ಹೆಚ್ಚುಕಡಮೆ ಬಾಗಿಲಿನಷ್ಟೇ ಅಗಲ. ಆದುದರಿಂದ ಅದು ಬಾಗಿಲ ಅಂಚಿನಲ್ಲಿ ಬಾಗಿ ಪಕ್ಕದ ಕೋಣೆಗೂ ಹರಡುತ್ತದೆ. ಬೆಳಕಿನ ತರಂಗದೂರವು ಮಿಲಿಮೀಟರಿನ ಸಾವಿರದ ಒಂದಂಶಕ್ಕಿಂತಲೂ ಕಿರಿದು; ಅದು ಹಾಗೆ ಗಮನಾರ್ಹವಾಗಿ ಬಾಗದು. ಅಡಿಗೆಮನೆಯಿಂದ ತಾಯಿ ಮಾತನಾಡುತ್ತಲೋ ಗುನುಗುತ್ತಲೋ ಇದ್ದರೆ, ಗೋಡೆಯ ಆಚೆಯೂ ಆಕೆ ಇದ್ದಾಳೆಂಬ ಪಾಠ ಮಗುವಿಗೆ ದಿನವೂ ದೊರೆಯುತ್ತದೆ.

ಶಿಶುವಿಹಾರಕ್ಕೆ ಸೇರಿಸುವ ದಿನ ಹಿರಿಯರು ಕೊಡುವ ಸಲಹೆಯೊಂದುಂಟು: ಮಗು ಆಟದಲ್ಲಿರುವಾಗ ಮೆಲ್ಲನೆ ಜಾರಿಕೊಳ್ಳಿ. ಇದಕ್ಕಿಂತ ಕೆಟ್ಟ ಸಲಹೆಯನ್ನು ನಾವು ಕಾಣೆವು. ತಾಯಿ ಯಾವ ಗಳಿಗೆಯಲ್ಲಿಯಾದರೂ ಮಾಯವಾಗಬಹುದೆಂದು ತಿಳಿದ ಮಗು ಆಟವನ್ನೇ ಬಿಟ್ಟು ಸೆರಗನ್ನು ಹಿಡಿದೀತು. ಹೇಳಿಯೇ ಹೋಗಬೇಕು, ದಿನವೂ ಅದೇ ಮಾತಿನಿಂದ, ಅದೇ ಸ್ಪರ್ಶದಿಂದ. ಮೊದಲು ಒಂದೆರಡು ನಿಮಿಷ, ಬಳಿಕ ಐದು, ಹತ್ತು. ಐದು ವರ್ಷವಾದರೂ ಅಳುವೆಯಾ ಎಂದು ಗದರುವುದೂ ಸಲ್ಲದು. ಬೆಳವಣಿಗೆ ನಿಧಾನವಾದ ಮಗುವಿಗೆ ಪಂಚಾಂಗದ ವಯಸ್ಸು ಅಳತೆಗೋಲಾಗದು.

ಕಣ್ಣಿನೊಡನೆ ಕಿವಿಯೂ ಮಂದವಾದ ಮಕ್ಕಳಿಗಾಗಿ ಶಿಕ್ಷಕರು ವಸ್ತುಗಳ ದಿನಚರಿಯನ್ನು ಬಳಸುವರು. ಸಾಲಾಗಿ ಕೆಲವು ಗೂಡುಗಳು. ಒಂದರಲ್ಲಿ ಮಣಿಸರ: ಆಟದ ಹೊತ್ತು, ಮತ್ತೊಂದರಲ್ಲಿ ಚಮಚ: ಊಟ. ಒಂದೊಂದು ಕೆಲಸ ಮುಗಿದಂತೆ ಮಗುವೇ ಆ ವಸ್ತುವನ್ನು ಮುಗಿದವುಗಳ ಬುಟ್ಟಿಗೆ ಹಾಕುತ್ತದೆ. ಕೊನೆಯ ಗೂಡಿನಲ್ಲಿ ತಾಯಿಯ ಸೀರೆಯ ತುಂಡನ್ನು ಇರಿಸಬಹುದು. ಎಷ್ಟು ಗೂಡುಗಳು ಉಳಿದಿವೆಯೆಂದು ಮಗು ಬೆರಳಿನಿಂದ ತಡವಿ ತಿಳಿಯಬಲ್ಲದು.