ನಿಮಗಿದು ಗೊತ್ತೆ? ಖಡಕ್ ಚಹಾದ ಗುಟ್ಟು

ಗಾಜನೂರು ಅಣೆಕಟ್ಟೆಗೋ ಸಕ್ರೆಬೈಲಿನ ಆನೆ ಬಿಡಾರಕ್ಕೋ ಬೆಳಿಗ್ಗೆಯೇ ಹೊರಟವರು ದಾರಿಯ ಹೋಟೆಲಿನಲ್ಲಿ ತಿಂಡಿಯ ಜೊತೆ ‘ಒಂದು ಸ್ಟ್ರಾಂಗ್ ಟೀ’ ಎನ್ನುವುದುಂಟು. ಆ ಟೀಪುಡಿ ಸಾಸಿವೆಯಂತೆ ಕಾಳುಕಾಳಾಗಿರುವುದು ಸಿಟಿಸಿ ಯಂತ್ರದಿಂದ. 1930ರಲ್ಲಿ ಅಸ್ಸಾಮಿನಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಈ ಯಂತ್ರದ ಹಲ್ಲಿನ ಉರುಳೆಗಳು ಹಸಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತವೆ. ಎಲೆಯ ರಸ ಗಾಳಿಗೆ ತೆರೆದುಕೊಂಡು ಬೇಗ ಕಪ್ಪಾಗುತ್ತದೆ. ಹೀಗಾದ ಪುಡಿ ಕುದಿಯುವ ನೀರಿಗೆ ಬಿದ್ದೊಡನೆ ಬಣ್ಣ, ಒಗರು ಎರಡನ್ನೂ ಬಿಡುತ್ತದೆ. ಹಾಲಿನ ಕೇಸಿನ್ ಆ ಒಗರನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ನಮ್ಮ ಹಾಲು ಹಾಕಿದ ಟೀ ನಾಲಿಗೆಗೆ ಹಿತ.

ಗ್ರೀನ್ ಟೀ ಬೇರೆ ಗಿಡದ್ದಲ್ಲ. ಅದೇ ಎಲೆ, ಕಪ್ಪಾಗುವ ಮೊದಲೇ ಬಿಸಿ ತಾಗಿಸಿದ್ದು, ಅಷ್ಟೆ.

ಪೊಟ್ಟಣದ ಮೇಲೆ ‘ಸಾವಯವ’ ಎಂದಿದ್ದರೆ ಟೀ ಹೆಚ್ಚು ಖಡಕ್ ಎಂದು ತಿಳಿಯಬೇಡಿ. ಅದು ಬೇಸಾಯದ ಮಾತು: ರಾಸಾಯನಿಕ ಗೊಬ್ಬರ, ಕೀಟನಾಶಕ ಬಿಟ್ಟು ಸಾಮಾನ್ಯವಾಗಿ ಮೂರು ವರ್ಷ ಕಳೆದ ಮೇಲೆ ತೋಟಕ್ಕೆ ಆ ಮಾನ್ಯತೆ.

ಚಹಾ ಎಂದರೆ ಅಸ್ಸಾಂ, ನೀಲಗಿರಿ ಮಾತ್ರವಲ್ಲ. ಕಾಫಿಯ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲೂ ಚಹಾ ತೋಟವಿದೆ.

ರಕ್ತಹೀನತೆ ಇರುವವರು ಮಾತ್ರ ತಿಂಡಿಯ ಜೊತೆಗೇ ಟೀ ಕುಡಿಯದಿರುವುದು ಲೇಸು. ಊಟ, ತಿಂಡಿಯ ಕಬ್ಬಿಣಾಂಶ ಮೈಗೆ ಹತ್ತಲು ಅದು ಅಷ್ಟಾಗಿ ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಬಹುದು.