ಗಿಡದ ಬುಡದಲ್ಲಿ ಉಪ್ಪು

ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ. ಇವೆರಡರ ನಡುನಾಡಿನಲ್ಲಿ ರಾಯಚೂರು, ಮಾನ್ವಿ, ದೇವದುರ್ಗಗಳಿವೆ. ಇಂಥ ನಾಡಿನ ಹಿತ್ತಲುಗಳಲ್ಲಿ ಗಿಡಗಳು ನೀರಿನಿಂದಲೇ ಸಾಯುವುವೆಂದರೆ ದೂರದ ವಾಚಕರು ನಂಬಲಾರರು. ಇಲ್ಲಿಯ ಗೃಹಿಣಿಯರಿಗೆ ಇದು ಹೊಸ ಮಾತಲ್ಲ. ಅನೇಕ ಕೊಳವೆಬಾವಿಗಳ ಸವಳು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆಗಟ್ಟದು, ಕೊಡದ ಒಳಮೈಗೆ ಬಿಳಿಯ ಪೊರೆ ಹತ್ತುವುದು. ಅದೇ ನೀರು ಕುಡಿದ ಗಿಡದ ಎಲೆಯ ತುದಿ ಸುಡುವುದು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಹೇಳುವೆವು. ಕುಡಿಯುವ ನೀರಿಗೆಂದು ಆರ್.ಓ. ಯಂತ್ರವನ್ನು ತಂದೆವು. ಅದು ಒಂದು ಕೊಡ ಸಿಹಿನೀರು ಕೊಡುವಷ್ಟರಲ್ಲಿ ಒಂದು ಕೊಡಕ್ಕೂ ಮಿಗಿಲಾದ ನೀರನ್ನು ಹೊರಕ್ಕೆ ಚೆಲ್ಲುವುದನ್ನು ಕಂಡು ಜೀವ ಮರುಗಿತು. ಬಿಸಿಲುನಾಡಿನಲ್ಲಿ ನೀರಿನ ಬೆಲೆ ಯಾರಿಗೆ ತಿಳಿಯದು? ಆ ಚೆಲ್ಲುನೀರನ್ನು ಬಕೀಟಿನಲ್ಲಿ ಹಿಡಿದು ದಿನವೂ ನಿಂಬೆಗೂ ಗುಲಾಬಿಗೂ ಎರೆದೆವು. ಕೆಲವು ತಿಂಗಳೊಳಗೆ ನಿಂಬೆಯ ಹಳೆಯ ಎಲೆಗಳ ಅಂಚು ಬೆಂಕಿ ತಾಕಿದ ಕಾಗದದಂತೆ ಕಂದಿತು. ಗಿಡಕ್ಕೆ ಹಸಿವಾಗಿದೆಯೆಂದು ಬಗೆದು ಒಂದು ಹಿಡಿ ಯೂರಿಯಾ ಹಾಕಿದೆವು. ಅಲ್ಲಿಗೆ ಅದರ ಆಯುಷ್ಯ ತೀರಿತು. ಅದು ಅತ್ತೆಯವರು ಕೈಯಾರೆ ನೆಟ್ಟ ಗಿಡ. ಹನ್ನೊಂದು ವರ್ಷ ಉಪ್ಪಿನಕಾಯಿಗೆ ಹೊರಗಿನ ನಿಂಬೆಹಣ್ಣು ತಂದವರಲ್ಲ ನಾವು. ಅವರು ಯಾರನ್ನೂ ದೂರಲಿಲ್ಲ. “ನೀರು ಹಾಕಿನೇ ಕೊಂದಿವಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಯಂತ್ರವು ಉಪ್ಪನ್ನು ನಾಶಮಾಡುವುದಿಲ್ಲ. ಸಿಹಿನೀರಿನಿಂದ ತೆಗೆದುದನ್ನೆಲ್ಲ ಚೆಲ್ಲುನೀರಿಗೆ ಸೇರಿಸುವುದು. ಮೂಲದ ನೀರೇ ಸವಳಾಗಿದ್ದರೆ ಚೆಲ್ಲುನೀರು ಅದಕ್ಕಿಂತಲೂ ಸವಳು. ಲೆಕ್ಕ ನೋಡಿರಿ: ಲೀಟರಿಗೆ ಒಂದು ಗ್ರಾಂ ಉಪ್ಪುಳ್ಳ ನೀರನ್ನು ದಿನಕ್ಕೆ 10 ಲೀಟರಿನಂತೆ ಎರೆದರೆ ತಿಂಗಳಿಗೆ 300 ಗ್ರಾಂ, ವರ್ಷಕ್ಕೆ ಮೂರೂವರೆ ಕಿಲೋಗ್ರಾಂಗೂ ಮಿಗಿಲಾದ ಉಪ್ಪನ್ನು ಒಂದೇ ಗಿಡದ ಬುಡಕ್ಕೆ ಸುರಿದಂತಾಯಿತು! ನೀರು ಆವಿಯಾಗಿ ಹೋಗುವುದು, ಉಪ್ಪು ಹೋಗದು. ಮಣ್ಣಿನಲ್ಲಿ ಉಪ್ಪು ಹೆಚ್ಚಿದಾಗ ತೇವವಿದ್ದರೂ ಬೇರು ಅದನ್ನು ಹೀರಲಾರದು. ಗಿಡ ಬಾಡಿತೆಂದು ನಾವು ಮತ್ತೆ ಅದೇ ನೀರನ್ನು ಎರೆಯುವೆವು. ಯೂರಿಯಾ ಮುಂತಾದ ಗೊಬ್ಬರಗಳೂ ಉಪ್ಪಿನಂತೆಯೇ ಬೇರನ್ನು ಸುಡಬಲ್ಲವಾದುದರಿಂದ ಸುಟ್ಟ ಗಿಡಕ್ಕೆ ಅವನ್ನು ಹಾಕುವುದು ಗಾಯದ ಮೇಲೆ ಬರೆ.

ಶೀತದೇಶಗಳಲ್ಲಿ ಹಿಮ ಕರಗಲೆಂದು ಬೀದಿಗಳಿಗೆ ಉಪ್ಪನ್ನು ಎರಚುವರು. ಅಲ್ಲಿ ನೆಲೆಸಿದ ನಮ್ಮವರು ದಾರಿಯಂಚಿನ ಗಿಡಗಳು ಹೀಗೆಯೇ ಸುಡುವುದನ್ನು ಕಂಡಿರಬೇಕು. ಅಲ್ಲಿ ವಸಂತದಲ್ಲಿ ಸಿಹಿನೀರು ಹಾಯಿಸಿ ಮಣ್ಣನ್ನು ತೊಳೆಯುವರು. ನಮ್ಮ ಕಡೆ ಹೊಲಗಳಲ್ಲಿಯೇ ಇದರ ದೊಡ್ಡ ಪಾಠವಿದೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಎಡದಂಡೆ ಕಾಲುವೆಗೆ ಹರಿಯಿತು. ಹಗುರ ನೀರಾವರಿಯ ಬೆಳೆಗಳಿಗೆಂದು ಯೋಜಿಸಿದ ಈ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳೆದ್ದವು. ಕೆಳಗಿನ ಮಾನ್ವಿ, ರಾಯಚೂರು ಕಡೆಯವರಿಗೆ ನೀರು ಸಾಲದಾಯಿತು. ನೀರು ಹೆಚ್ಚಾಗಿ ನಿಂತು ಬಸಿಯದೆ ಉಳಿದಲ್ಲಿ ಅಡಿಯ ಉಪ್ಪು ಮೇಲೇರಿ ಭೂಮಿ ಸವಳು-ಜವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಭೂಮಿಯ ಸುಧಾರಣೆಯ ಪ್ರಯೋಗಗಳು ನಡೆದಿವೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರುಣ್ಣುವ ಎರೆಭೂಮಿಗೂ ಬಸಿಗಾಲುವೆ ಬೇಕೇ ಬೇಕು. ಹೊಲಕ್ಕೆ ಹೇಳಿದ ಮಾತೇ ಹಿತ್ತಲಿಗೂ: ನೀರು ಬರುವ ದಾರಿಯಷ್ಟೇ ಹೋಗುವ ದಾರಿಯೂ ಇರಬೇಕು.

ಆದಕಾರಣ ದಿನವೂ ಒಂದೊಂದು ತಂಬಿಗೆ ಚಿಮುಕಿಸುವ ರೂಢಿಯನ್ನು ಬಿಡತಕ್ಕದ್ದು. ಅದು ಮೇಲ್ಮಣ್ಣಿನಲ್ಲಿಯೇ ಉಪ್ಪನ್ನು ಕೂಡಿಹಾಕುವುದು. ಎರಡು ಮೂರು ದಿನಕ್ಕೊಮ್ಮೆ ಆಳಕ್ಕಿಳಿಯುವಂತೆ ಎರೆದರೆ ಉಪ್ಪು ಬೇರಿನ ಕೆಳಗೆ ಜಾರುವುದು. ಎರೆಮಣ್ಣಿನಲ್ಲಿ ನೀರು ನಿಧಾನವಾಗಿ ಇಳಿಯುವುದರಿಂದ ಮಡಿಯನ್ನು ಸ್ವಲ್ಪ ಎತ್ತರಿಸಿ, ಉಸುಕು ಹಾಗೂ ಕೊಳೆತ ಗೊಬ್ಬರ ಬೆರೆಸಬೇಕು. ಕುಂಡವಾದರೆ ತಳದ ತೂತು ತೆರೆದಿರಲಿ. ತಿಂಗಳಿಗೊಮ್ಮೆ ಕುಂಡದ ಎರಡು ಮೂರು ಪಾಲಿನಷ್ಟು ಸಿಹಿನೀರನ್ನು ಮೆಲ್ಲಗೆ ಎರೆದು, ತಟ್ಟೆಗೆ ಇಳಿದುದನ್ನು ಚೆಲ್ಲಿರಿ. ಎಲೆಗಳ ಮೇಲೆ ಸವಳು ನೀರು ಬೀಳಕೂಡದು. ಬುಡಕ್ಕೆ ಒಣ ಎಲೆ, ಶೇಂಗಾ ಸಿಪ್ಪೆ ಹೊದಿಸಿದರೆ ಮಣ್ಣು ಬೇಗ ಆರದು, ಉಪ್ಪು ಮೇಲೇರದು. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಗಿಡಕ್ಕೆ ಸಲ್ಲುವುದು. ಬಟ್ಟೆಯ ಪುಡಿಯ ನೀರು ಸಲ್ಲದು. ಯಂತ್ರದ ಚೆಲ್ಲುನೀರಿನಿಂದ ನೆಲ ಒರೆಸಿರಿ, ಪಾಯಖಾನೆ ತೊಳೆಯಿರಿ.

ಎಲ್ಲಕ್ಕಿಂತ ದೊಡ್ಡ ಔಷಧ ಮಳೆ. ರಾಯಚೂರಿನ ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರು. ಕಡಮೆಯೆಂದು ತೋರಬಹುದು, ಆದರೆ 100 ಚದರ ಮೀಟರು ಮಾಳಿಗೆಯ ಮೇಲೆ ಅದು 60,000 ಲೀಟರು! ಅದರಲ್ಲಿ ಒಂದು ಪಾಲನ್ನಾದರೂ ಬೀದಿಗೆ ಬಿಡದೆ ಮಡಿಗಳಿಗೆ ತಿರುಗಿಸಿದರೆ ಬೇಸಿಗೆಯ ಉಪ್ಪು ತೊಳೆದುಹೋಗುವುದು.

ಜಿಪ್ಸಂ ಹಾಕಿರೆಂದು ನೆರೆಹೊರೆಯವರು ಹೇಳುವುದುಂಟು. ಅದು ಎಲ್ಲ ಮಣ್ಣಿಗೂ ಮದ್ದಲ್ಲ. ಸೋಡಿಯಂ ಸೇರಿ ಕಲ್ಲಿನಂತೆ ಗಟ್ಟಿಯಾಗಿ, ನೀರಿಳಿಯದ ಕ್ಷಾರದ ಮಣ್ಣಿಗೆ ಅದು ಸಲ್ಲುವುದು. ಅದರ ಸುಣ್ಣದಂಶವು ಸೋಡಿಯಮನ್ನು ಹೊರದಬ್ಬುವುದು, ಆಮೇಲೆ ನೀರು ಅದನ್ನು ಕೊಂಡೊಯ್ಯಬೇಕು. ಬರಿಯ ಬಿಳಿ ಉಪ್ಪಿನ ಪೊರೆಗೆ ಸಿಹಿನೀರೇ ಸಾಕು. ಯಾವುದೆಂದು ಕಣ್ಣಿನಿಂದ ನಿರ್ಣಯಿಸದೆ, ಕೃಷಿ ವಿಜ್ಞಾನ ಕೇಂದ್ರದಂಥಲ್ಲಿ ಮಣ್ಣು-ನೀರುಗಳ ಪರೀಕ್ಷೆ ಮಾಡಿಸುವುದು ಮೇಲು. ನೀರಿನ ವಿದ್ಯುದ್ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸಿಗಿಂತ ಕಡಮೆಯಿದ್ದರೆ ಭಯವಿಲ್ಲ. 3 ಮೀರಿದರೆ ಹೆಚ್ಚಿನ ಗಿಡಗಳಿಗೆ ಅದು ನೀರಲ್ಲ.

ಗುಲಾಬಿ, ನಿಂಬೆ, ಮಾವು, ಹುರುಳಿಕಾಯಿಗಳು ಉಪ್ಪನ್ನು ಸಹಿಸವು. ಚಿಕ್ಕು, ಬಾರಿಗಿಡ, ಕಣಗಿಲೆ, ಕಾಗದದ ಹೂ, ಗರಿಕೆಗಳು ಬಹಳ ಮಟ್ಟಿಗೆ ತಾಳುವುವು.

ನಿಂಬೆಯಿದ್ದ ಮಡಿಯಲ್ಲಿ ಈಗ ಚಿಕ್ಕುವಿನ ಸಸಿಯಿದೆ. ಆದರೆ ನಿಂಬೆಯಿಲ್ಲದ ಮನೆಯನ್ನು ಅತ್ತೆಯವರು ಒಪ್ಪಲಿಲ್ಲ. ಮಾಳಿಗೆಯ ನೀರಿಳಿಯುವ ಮೂಲೆಯಲ್ಲಿ ಹೊಸದೊಂದನ್ನು ನೆಟ್ಟಿದ್ದಾರೆ. ನಲ್ಲಿಗೆ ನದಿಯ ನೀರು ಬಂದ ದಿನ, ಮನೆಯ ಬಾಂಡೆಗಳೆಲ್ಲ ತುಂಬುವ ಮೊದಲೇ, ಅದಕ್ಕೆಂದು ಎರಡು ಕೊಡ ಎತ್ತಿಡುವರು.